ಸಾಹೇಬರ ಚೆಂಡಿಗೆ ನಾನು ಹಚ್ಚಿದ ಬಣ್ಣ

ಬಣ್ಣಗಳ ವಿಷಯದಲ್ಲಿ ನನಗೆ ಒಳ್ಳೆಯ ತಿಳಿವಳಿಕೆ ಇದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಈ ನಂಬಿಕೆಗೆ ಆಧಾರವೇನು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಹೆಂಡತಿ ನೀಲಾ ಅಂಗಡಿಯಲ್ಲಿ ಸೀರೆ ಆರಿಸುವಾಗ ಪಕ್ಕದಲ್ಲಿ ಕುಳಿತು, "ಅದು ಬ್ಯಾಡ, ಇದು ಛಲೋ ಐತಿ" ಎನ್ನುತ್ತಿದ್ದೆ. ಆಕೆ ನಾನು ಬೇಡವೆಂದದ್ದನ್ನೇ ತಪ್ಪದೆ ಕೊಳ್ಳುತ್ತಿದ್ದಳು. ಅದನ್ನು ನಾನು ಹೆಂಗಸರ ಹಟ ಎಂದು ತಿಳಿದಿದ್ದೆ.

ಎಂಬತ್ತರ ದಶಕದ ಆರಂಭ. ನಾನು ಬೆಳಗಾವಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ದಾರಿಯಲ್ಲಿ ಸಿಗುತ್ತಾರೆ. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲಿ ಬೇರೆಯವರ ಮೊಳೆಗೆ ನಮ್ಮ ಕ್ಯಾಲೆಂಡರ್ ತೂಗುಹಾಕಿ ಸಾಕಾಗಿ, ಆ ವರ್ಷ ಶಿವಬಸವ ನಗರದಲ್ಲಿ ಸ್ವಂತ ಮನೆ ಕಟ್ಟಿಸಲು ತೊಡಗಿದ್ದೆವು. ಗೋಡೆಗಳು ಕಿಟಕಿಯ ಮಟ್ಟಕ್ಕೆ ಬಂದಿದ್ದವು. ಸರಿಯಾಗಿ ಆಗಲೇ ವರ್ಗಾವಣೆಯ ಕಾಲವೂ ಬಂತು. ಒಬ್ಬರನ್ನು ಬೀದರಿಗೆ ಕಳಿಸಬೇಕಂತೆ, ಆ ಒಬ್ಬ ನಾನೇ ಅಂತೆ ಎಂದು ಕಚೇರಿಯಲ್ಲಿ ಸುದ್ದಿ ಹರಡಿತು.

ಮನೆಯ ಯಜಮಾನ ಬೀದರಿನಲ್ಲಿ, ಮನೆ ಬೆಳಗಾವಿಯಲ್ಲಿ. ಆ ಗೋಡೆಗಳು ಕಿಟಕಿಯ ಮಟ್ಟದಲ್ಲೇ ನಿಂತು, ಮುಂದೊಂದು ದಿನ ಸಾಲೆಯ ಮಕ್ಕಳು ಅದನ್ನು ಹಳೆಯ ಕೋಟೆಯೆಂದು ನೋಡಲು ಬಂದಾರು ಎಂದು ನನಗೆ ಖರೇ ಭಯವಾಯಿತು.

"ಸಾಹೇಬ್ರನ್ನ ಹೆಂಗರ ಮಾಡಿ ಒಲಿಸ್ಕೋರಿ," ಎಂದಳು ನೀಲಾ. "ಒಂದು ಮಳಿಗಾಲ ಹೋದ್ರ ಆ ಗ್ವಾಡಿ ನಿಲ್ಲೂದಿಲ್ಲ."

ನಮ್ಮ ಸಾಹೇಬರ ಹೆಸರು ಇನಾಮದಾರ. ಅವರನ್ನು ಒಲಿಸಿಕೊಳ್ಳುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗ ಅವಕಾಶ ತಾನಾಗಿಯೇ ನನ್ನ ಮೇಜಿನ ಮುಂದೆ ಬಂದು ನಿಂತಿತು. ನಾನು ಕಚೇರಿಯ ಹೊತ್ತಿನಲ್ಲಿ ಮೇಜಿನ ಕೆಳಗೆ ಪೇಂಟ್ ಅಂಗಡಿಯ ಬಣ್ಣದ ಕಾರ್ಡು ಹಿಡಿದುಕೊಂಡು ನಮ್ಮ ಮನೆಗೆ ಬಣ್ಣ ಆರಿಸುತ್ತಿದ್ದೆ.

"ಪಟ್ಟಣಶೆಟ್ಟಿ, ಏನದು ಕೆಳಗ?" ಎಂದರು ಸಾಹೇಬರು.

"ಬಣ್ಣದ ಕಾರ್ಡ್ ರೀ ಸರ್. ಮನಿಗೆ."

"ಮನಿ ಮುಗದದ ಏನು?"

"ಇಲ್ರಿ. ಕಿಟಕಿ ತನಕ ಬಂದೈತ್ರಿ."

"ಕಿಟಕಿ ತನಕ ಬಂದ ಮನಿಗೆ ಈಗ ಬಣ್ಣ ಆರಸ್ಲಿಕ್ಕತ್ತೀರಿ ಅಂದ್ರ, ಬಣ್ಣದಾಗ ನೀವು ಭಾಳ ತಿಳಿದವರು."

ಇದು ವ್ಯಂಗ್ಯ ಎಂದು ಸ್ವಲ್ಪ ಬುದ್ಧಿ ಇದ್ದವನಿಗೂ ಗೊತ್ತಾಗುತ್ತಿತ್ತು. ನಾನು ಎದ್ದು ನಿಂತು, ಕೈಕಟ್ಟಿಕೊಂಡು, ವಿನಯಪೂರ್ವಕವಾಗಿ, "ಹೌದ್ರಿ ಸರ್, ತಕ್ಕಮಟ್ಟಿಗೆ ತಿಳೀತೈತ್ರಿ" ಎಂದುಬಿಟ್ಟೆ.

ಸಾಹೇಬರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಒಳಗೆ ಕರೆದು, ಮೇಜಿನ ಖಾನೆಯಿಂದ ನಿಂಬೆಹಣ್ಣಿನಷ್ಟು ದೊಡ್ಡ ಒಂದು ಬಿಳಿ ಚೆಂಡು ತೆಗೆದು ನನ್ನ ಅಂಗೈ ಮೇಲಿಟ್ಟರು. ಅದರ ಮೈತುಂಬ ಸಣ್ಣ ಸಣ್ಣ ಕುಳಿಗಳಿದ್ದವು. ಗಾಲ್ಫ್ ಚೆಂಡನ್ನು ನಾನು ಕಂಡದ್ದು ಅದೇ ಮೊದಲು.

ಸಾಹೇಬರು ಪ್ರತಿ ಭಾನುವಾರ ಕ್ಯಾಂಪಿನ ಮಿಲಿಟರಿ ಮೈದಾನದಲ್ಲಿ ಮೇಜರ್ ಜಾಧವ ಎಂಬ, ಸೈನ್ಯದಿಂದ ನಿವೃತ್ತರಾದ ಗೆಳೆಯರ ಜೊತೆ ಗಾಲ್ಫ್ ಆಡುತ್ತಿದ್ದರು. ಉದ್ದನೆಯ ಕೋಲಿನಿಂದ ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಹೊಡೆಯುವುದು, ಆಮೇಲೆ ಅದನ್ನು ಹುಡುಕಿಕೊಂಡು ಹೋಗುವುದು. ಹೊರಗಿನಿಂದ ನೋಡುವವನಿಗೆ ಆಟ ಇಷ್ಟೇ. ಯಾರು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ನೆಲದಲ್ಲಿ ತೋಡಿದ ಕುಳಿಗೆ ಬೀಳಿಸುತ್ತಾರೋ ಅವರು ಗೆದ್ದಂತೆ, ಚೆಂಡು ಕಳೆದರೆ ದಂಡವಾಗಿ ಒಂದು ಹೊಡೆತ ಹೆಚ್ಚು. ನಮ್ಮ ಸಾಹೇಬರು ದಂಡದಿಂದಲೇ ಸೋಲುತ್ತಿದ್ದರು. ಒಣಹುಲ್ಲು, ಬಿಳಿ ಕಲ್ಲು, ನಡುನಡುವೆ ಬೆಳ್ಳಕ್ಕಿ. ಇದರಲ್ಲಿ ಬಿಳಿ ಚೆಂಡು ಸಿಗಬೇಕು. ಒಮ್ಮೆ ಅವರು ಹತ್ತಿರ ಹೋದಾಗ ಚೆಂಡು ರೆಕ್ಕೆ ಬಿಚ್ಚಿ ಹಾರಿಹೋಯಿತಂತೆ.

"ದೂರಿಂದ ಕಾಣೂವಂಥಾ ಬಣ್ಣ ಹಚ್ಚಿಕೊಡ್ರಿ," ಎಂದರು. "ಆ ಮೇಜರನ್ನ ಒಮ್ಮೆರ ಸೋಲಿಸಬೇಕು ನಾ. ಆಮ್ಯಾಲ ನಿಮ್ಮ ಬೀದರದ ವಿಚಾರ ಮಾತಾಡೂಣು."

ಸಾಹೇಬರು ಕೊಟ್ಟ ಅಂಥ ಚೆಂಡುಗಳ ಒಂದು ಡಬ್ಬಿಯನ್ನು ನಾನು ಎದೆಗವಚಿಕೊಂಡು ಮನೆಗೆ ಬಂದೆ. ನೀಲಾ ಎಲ್ಲ ಕೇಳಿ, "ಚೆಂಡಿಗ್ಯಾಕ ಬಣ್ಣ? ಸಾಹೇಬ್ರಿಗೆ ಚಷ್ಮಾ ಹಾಕ್ಕೋರಿ ಅನ್ರಿ" ಎಂದಳು. ವರ್ಗಾವಣೆಯ ಕಾಲದಲ್ಲಿ ಸಾಹೇಬರ ಕಣ್ಣಿನ ಬಗ್ಗೆ ಮಾತಾಡುವ ಗುಮಾಸ್ತ ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಆಕೆಗೆ ತಿಳಿಸಿ ಹೇಳಿದೆ.

ಮೊದಲು ನಾನು ಆರಿಸಿದ್ದು ನೀಲಿ. ಹುಲ್ಲು ನೀಲಿ ಇರುವುದಿಲ್ಲ, ಮಣ್ಣು ನೀಲಿ ಇರುವುದಿಲ್ಲ, ಕಲ್ಲೂ ಇರುವುದಿಲ್ಲ. ಆದ್ದರಿಂದ ನೀಲಿ. ತರ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ. ನೀಲಾ ಬಟ್ಟೆಗೆ ಹಾಕುವ ನೀಲಿಪುಡಿಯನ್ನು ಗಟ್ಟಿಯಾಗಿ ಕಲಸಿ ಚೆಂಡನ್ನು ರಾತ್ರಿಯಿಡೀ ನೆನೆಸಿಟ್ಟೆ.

ಭಾನುವಾರ ನಾನೂ ಮೈದಾನಕ್ಕೆ ಹೋದೆ. ಸಾಹೇಬರು ಚೆಂಡು ಹೊಡೆದರು. ಅದು ಮೇಲೆ ಹೋಯಿತು. ಆಕಾಶ ಯಾವ ಬಣ್ಣದ್ದು ಎಂಬ ಪ್ರಶ್ನೆಯನ್ನು ನಾನು ಪರಿಶೀಲಿಸಿರಲಿಲ್ಲ! ಮೂವರೂ ಬಾಯಿ ತೆರೆದು ಮೇಲೆ ನೋಡುತ್ತ ನಿಂತೆವು. ಚೆಂಡು ಎಲ್ಲಿ ಇಳಿಯಿತೆಂದು ಇಂದಿಗೂ ಗೊತ್ತಿಲ್ಲ. ಅಷ್ಟರಲ್ಲಿ ಸಾಹೇಬರು ಬೆವರು ಒರೆಸಿಕೊಂಡಿದ್ದರು. ಚೆಂಡು ಮುಟ್ಟಿದ ಅದೇ ಕೈಯಿಂದ. ಮೇಜರರು ಅವರ ಮುಖ ನೋಡಿ ಕೋಲು ಊರಿಕೊಂಡು ಹುಲ್ಲಿನ ಮೇಲೆ ಕುಳಿತೇಬಿಟ್ಟರು. ಅವರ ನಗು ನಿಲ್ಲುವವರೆಗೆ ಆಟ ಮುಂದುವರಿಯಲಿಲ್ಲ.

ಹಳದಿಯ ವಿಷಯ ಬೇಡ. ಒಣಹುಲ್ಲಿನ ಬೇಸಿಗೆಯಲ್ಲಿ ಚೆಂಡಿಗೆ ಹಳದಿ ಹಚ್ಚಿದವನು ನಾನು ಎಂದಷ್ಟು ಹೇಳಿದರೆ ಸಾಕು.

ಮೂರನೆಯದು ಕೆಂಪು. ಈ ಸಲ ಅಂಗಡಿಯಿಂದ ಒಳ್ಳೆಯ ಎಣ್ಣೆಬಣ್ಣವನ್ನೇ ತಂದೆ. ಹುಲ್ಲಿನ ಮೇಲೆ ಕೆಂಪು ಎದ್ದು ಕಾಣುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ, ನಮ್ಮ ಹಿತ್ತಲಲ್ಲಿ ಇಟ್ಟು ನೋಡಿಯೂ ಇದ್ದೆ. ಆದರೆ ಬಣ್ಣ ಪೂರ್ತಿ ಒಣಗುವ ಮೊದಲೇ ಸಾಹೇಬರು ಹೇಳಿ ಕಳಿಸಿದರು. ಅಂಟುಅಂಟಾದ ಚೆಂಡು ಕ್ಯಾಂಪಿನ ಕೆಮ್ಮಣ್ಣಿನಲ್ಲಿ ಉರುಳುತ್ತ ಉರುಳುತ್ತ, ಧೂಳು ಹುಲ್ಲು ಎಲ್ಲ ಮೆತ್ತಿಕೊಂಡು, ಕೊನೆಗೆ ನಿಂತಾಗ ಶೇಂಗಾ ಉಂಡಿಯ ಗಾತ್ರವಾಗಿತ್ತು. ಕುಳಿಯೊಳಗೆ ಹೋಗುವಂತಿರಲಿಲ್ಲ.

"ಪಟ್ಟಣಶೆಟ್ಟಿ," ಎಂದರು ಸಾಹೇಬರು ಬಹಳ ಶಾಂತವಾಗಿ. "ಬೀದರದಾಗ ಹಳೀ ಕೋಟಿ ಛಲೋ ಅದ ಅಂತಾರ."

ಆ ವಾರ ಕಚೇರಿಯ ಕೆಲಸಕ್ಕೆಂದು ಬಸ್ಸಿನಲ್ಲಿ ಖಾನಾಪುರಕ್ಕೆ ಹೊರಟಿದ್ದೆ. ಕಿಟಕಿಗೆ ತಲೆ ಕೊಟ್ಟು, ಬೀದರಿನ ಬಿಸಿಲನ್ನು ಕಲ್ಪಿಸಿಕೊಳ್ಳುತ್ತ ಕುಳಿತಿದ್ದಾಗ ಬಹಳ ದೂರದಲ್ಲಿ, ಬಯಲಿನ ಆಚೆ, ಒಂದು ಮರದ ಬುಡದಲ್ಲಿ ಒಂದು ಕೇಸರಿ ಚುಕ್ಕೆ ಕಂಡಿತು. ಸಿಂಧೂರ ಬಳಿದ ದೇವರ ಕಲ್ಲು. ಮರ ಯಾವುದೆಂದು ತಿಳಿಯುವಂತಿರಲಿಲ್ಲ, ಆದರೆ ಕಲ್ಲು ಕಾಣುತ್ತಿತ್ತು! ಯಾವ ಬಣ್ಣ ಯಾರಿಗೂ ತಪ್ಪದೆ ಕಾಣುತ್ತದೆ ಎಂಬುದನ್ನು ಹಿರಿಯರು ಎಂದೋ ಕಂಡುಹಿಡಿದು, ಊರೂರಲ್ಲಿ ಪ್ರಯೋಗ ಮಾಡಿ ಇಟ್ಟಿದ್ದಾರೆ. ನಾನು ಸುಮ್ಮನೆ ನೀಲಿಪುಡಿಯಲ್ಲಿ ಕೈಯಾಡಿಸುತ್ತಿದ್ದೆ.

ಸಂಜೆ ಸಿಂಧೂರ, ಅಗಸೆ ಎಣ್ಣೆ ಎರಡನ್ನೂ ತಂದು ಕಲಸತೊಡಗಿದೆ. ನೀಲಾ ಬಂದು ನೋಡಿದಳು.

"ರೀ, ಅದು ದೇವರಿಗೆ ಹಚ್ಚೂದು."

"ನಾವು ಕೊರಳಾಗ ಲಿಂಗ ಕಟ್ಕೊಂಡವರು," ಎಂದೆ ಗಂಭೀರವಾಗಿ. "ಕಲ್ಲಿಗೆ ಕೈಮುಗಿಯೂ ಪೈಕಿ ಅಲ್ಲ. ನಮಗ ಇದು ಬರೇ ಬಣ್ಣ."

"ನಮಗ ಬರೇ ಬಣ್ಣ. ಮಂದಿಗೆ?"

"ಬಯಲಾಗ ಯಾರು ನೋಡಾಕ ಬರ್ತಾರ?"

"ಕಾಣ್ಲಿ ಅಂತ ಹಚ್ಚಾತೀರಿ, ಮ್ಯಾಲ ಯಾರು ನೋಡ್ತಾರ ಅಂತೀರಿ," ಎಂದು ಆಕೆ ಒಳಗೆ ಹೋದಳು. ದೊಡ್ಡ ಸಂಶೋಧನೆಗಳ ಸಮಯದಲ್ಲಿ ಮನೆಯವರ ಬೆಂಬಲ ಇರುವುದಿಲ್ಲ ಎಂದುಕೊಂಡು ಕೆಲಸ ಮುಂದುವರಿಸಿದೆ. ಈ ಸಲ ಚೆಂಡುಗಳನ್ನು ನಮ್ಮ ಅರ್ಧ ಗೋಡೆಯ ಮೇಲಿಟ್ಟು, ಉಗುರಿಗೆ ಅಂಟದಷ್ಟು ಒಣಗಿಸಿದೆ. ರಸ್ತೆಯಲ್ಲಿ ಹೋಗುವವರು ತಿರುಗಿ ತಿರುಗಿ ನೋಡುತ್ತಿದ್ದರು. ನನಗೆ ಹೆಮ್ಮೆಯೆನಿಸಿತು.

ಆ ಭಾನುವಾರ ಕ್ಯಾಂಪಿನ ಮೈದಾನ ಸಿಗಲಿಲ್ಲ, ಪಲ್ಟಣದ ಸಿಪಾಯಿಗಳ ಏನೋ ಕಾರ್ಯಕ್ರಮವಿತ್ತು. ಸಾಹೇಬರು ಖಾನಾಪುರದ ಕಡೆ ತಪಾಸಣೆಗೆ ಹೋದಾಗ ಪಾರಿಶ್ವಾಡ ಎಂಬ ಹಳ್ಳಿಯ ಹತ್ತಿರ ಒಂದು ದನಕಾಯುವ ಬಯಲನ್ನು ನೋಡಿಟ್ಟಿದ್ದರು. ಮೂವರೂ ಮೇಜರರ ಜೀಪಿನಲ್ಲಿ ಅಲ್ಲಿಗೆ ಹೋದೆವು. ಅಲ್ಲಲ್ಲಿ ಕುಳಿ ತೋಡಿ, ಪಕ್ಕದಲ್ಲಿ ಕೋಲು ನೆಟ್ಟು, ತುದಿಗೆ ಕಡತ ಕಟ್ಟುವ ಕೆಂಪು ಬಟ್ಟೆಯನ್ನು ನಾನೇ ಕಟ್ಟಿದೆ. ಸರಕಾರಿ ಕೆಂಪು ಬಟ್ಟೆ ಗಾಳಿಗೆ ಹಾರಾಡಿದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ.

ಸಾಹೇಬರು ಮೊದಲ ಚೆಂಡು ಹೊಡೆದರು. ಏನು ಹೇಳಲಿ! ಅದು ಏರಿದ್ದು ಕಂಡಿತು, ಇಳಿದದ್ದು ಕಂಡಿತು, ಪುಟಿದದ್ದು ಕಂಡಿತು, ನಿಂತದ್ದು ಕಂಡಿತು. ಹುಲ್ಲಿನಲ್ಲಿ ಕೆಂಡದ ಹಾಗೆ ಕುಳಿತಿತ್ತು. ಮೇಜರರು ತಮ್ಮ ಬಿಳಿ ಚೆಂಡನ್ನು ಹುಡುಕುತ್ತ ಬಗ್ಗಿ ಬಗ್ಗಿ ಓಡಾಡುವಾಗ ನಮ್ಮ ಸಾಹೇಬರು ಕೋಲನ್ನು ಬಂದೂಕಿನಂತೆ ಹೆಗಲಿಗಿಟ್ಟು ನೇರವಾಗಿ ನಡೆದು ಹೋಗುತ್ತಿದ್ದರು. ಕೊನೆಯ ಕುಳಿಗೆ ಬರುವ ಹೊತ್ತಿಗೆ ಸಾಹೇಬರು ಒಂದು ಹೊಡೆತ ಮುಂದಿದ್ದರು.

"ಪಟ್ಟಣಶೆಟ್ಟಿ, ಮನಿಗೆ ಯಾವ ಬಣ್ಣ ಮಾಡ್ತೀರಿ?" ಎಂದು ಪ್ರೀತಿಯಿಂದ ಕೇಳಿದರು. ನನ್ನ ಗೋಡೆಗಳು ಕಿಟಕಿಯ ಮಟ್ಟದಿಂದ ಮೇಲಕ್ಕೆ ಏಳುತ್ತಿರುವುದು ನನ್ನ ಕಣ್ಣಿಗೆ ಕಂಡಿತು.

ಆ ಖುಷಿಯಲ್ಲೇ ಸಾಹೇಬರು ಹೊಡೆದರು. ಚೆಂಡು ಕುಳಿಯ ಕಡೆ ಹೋಗದೆ ಎಡಕ್ಕೆ ತಿರುಗಿತು, ಒಂದು ಬೇವಿನ ಮರದ ಕಡೆ ಹಾರಿತು. ಠಣ್ ಎಂದು ಕಲ್ಲಿಗೆ ಬಡಿದ ಸಪ್ಪಳ ನಮಗೂ ಕೇಳಿಸಿತು.

ನಾವು ಹತ್ತಿರ ಹೋಗಿ ನೋಡಿದರೆ ಬೇವಿನ ಬುಡದಲ್ಲಿ ಒಂದು ಸಣ್ಣ ಕಟ್ಟೆ. ಅದರ ಮೇಲೆ ಸಿಂಧೂರ ಬಳಿದ ಗುಂಡು ಕಲ್ಲುಗಳು, ದೊಡ್ಡವು ಚಿಕ್ಕವು. ಅವುಗಳ ನಡುವೆ, ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತ, ನಮ್ಮ ಚೆಂಡು. ಅದರ ಮುಂದೆ ಕುರಿ ಕಾಯುವ ಒಬ್ಬ ಅಜ್ಜಿ ಕಂಬಳಿ ಹಾಸಿಕೊಂಡು ಮೊಣಕಾಲೂರಿದ್ದಳು. ಅಷ್ಟರಲ್ಲಾಗಲೇ ಆಕೆ ಚೀಲದಿಂದ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ, ತೆಗೆದು ಚೆಂಡಿನ ಮೇಲೆ ಉದುರಿಸಿದ್ದಳು.

"ಅಜ್ಜಿ, ಅದು ನಮ್ಮ ಚೆಂಡು," ಎಂದರು ಸಾಹೇಬರು.

ಅಜ್ಜಿ ತಿರುಗಿ ನೋಡಿದಳು. "ದೇವರಿಗೆ ಚೆಂಡು ಅನಬಾರದ್ರಿ ಸಾಹೇಬ್ರ. ನಾ ಇಲ್ಲೇ ಕುಂತಿದ್ನಿ. ಮ್ಯಾಲಿಂದ ಬಂತು, ಕಟ್ಟಿ ಏರ್ತು, ತನ್ನ ಜಾಗಾದಾಗ ಕುಂತ್ತು."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಷ್ಟರಲ್ಲಿ ಆಚೀಚೆ ಕುರಿ ಕಾಯುತ್ತಿದ್ದವರು ಬಂದು ಸೇರಿದರು. ಸೈಕಲ್ಲಿನ ಮೇಲೆ ಹೊರಟಿದ್ದ ಒಬ್ಬ ಮರಾಠಿಯವನು "ದೇವ ಆಲಾ", ದೇವರು ಬಂದ, ಎಂದವನೇ ಸೈಕಲ್ಲು ಒಗೆದು ಚಪ್ಪಲಿ ಬಿಟ್ಟು ಕೈಮುಗಿದ.

ಮೇಜರರಿಗೆ ಮಾತ್ರ ಇದ್ದಕ್ಕಿದ್ದಂತೆ ಆಟದ ನಿಯಮಗಳ ಮೇಲೆ ಭಕ್ತಿ ಬಂತು. "ಅರೇ ಇನಾಮದಾರ, ಚೆಂಡು ಬಿದ್ದ ಜಾಗಾದಿಂದನ ಹೊಡೀಬೇಕು. ಹೊಡಿ. ಇಲ್ಲಾ ಸೋತ್ನಿ ಅನ್ನು," ಎಂದರು.

ಸಾಹೇಬರು ಅಭ್ಯಾಸಬಲದಿಂದ ಕೋಲು ಎತ್ತಿದರು. ಜನರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಅವರ ಕೈಯಲ್ಲೂ ಕೋಲುಗಳಿದ್ದವು. ಅವು ಗಾಲ್ಫ್ ಆಡುವ ಕೋಲುಗಳಾಗಿರಲಿಲ್ಲ.

ಈ ಘಟ್ಟದಲ್ಲಿ ಸುಮ್ಮನಿದ್ದರೆ ಸಾಕಾಗಿತ್ತು. ಆದರೆ ನನ್ನ ಮನೆ, ನನ್ನ ಗೋಡೆ, ಬೀದರು! ನಾನು ಮುಂದೆ ನುಗ್ಗಿ, "ನೋಡ್ರಿ, ಇದರೊಳಗ ಬಿಳೀ ಚೆಂಡ ಐತಿ" ಎಂದು ಉಗುರಿನಿಂದ ಬಣ್ಣ ಕೆರೆದೆ. ಸಿಂಧೂರ ಒಂದಿಷ್ಟು ಉದುರಿತು. ಒಳಗಿನ ಕುಳಿಗಳು ಸ್ಪಷ್ಟವಾಗಿ ಕಂಡವು.

ಅಜ್ಜಿ ಹತ್ತಿರ ಬಗ್ಗಿ ನೋಡಿದಳು. ಆಕೆಯ ಮುಖದ ತುಂಬ ಚಿಕ್ಕಂದಿನಲ್ಲಿ ಸಿಡುಬು ಬಂದು ಹೋದ ಕಲೆಗಳಿದ್ದವು. ಆಕೆ ಬೆರಳಿನಿಂದ ಚೆಂಡನ್ನು ಸವರಿದಳು, ಆಮೇಲೆ ತನ್ನ ಕೆನ್ನೆಯನ್ನು ಸವರಿಕೊಂಡಳು.

"ಅವ್ವ ಐತಿ ಇದು," ಎಂದಳು ಮೆಲ್ಲಗೆ. "ನನ್ನಂಗ ಮೈತುಂಬ ಕುಳಿ. ಸಣ್ಣಾಕಿದ್ದಾಗ ಎಲ್ಲಾರೂ ನನ್ನ ನೋಡಿ ಮಾರಿ ತಿರುವತಿದ್ರು. ಇಕಿ ನೋಡ್ರಿ, ನಾ ಇದ್ದಲ್ಲೆ ಬಂದು ಕುಂತಾಳ."

ಸಾಹೇಬರು ಕೋಲನ್ನು ಕೆಳಗಿಟ್ಟರು. "ಸೋತ್ನಿ, ಜಾಧವ," ಎಂದರು. ಆಮೇಲೆ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಗೌರವದಿಂದ ಮನೆಗೆ ಬರುತ್ತಿದ್ದೆ. ಆದರೆ ಸೋತ ಸಾಹೇಬರ ಮುಖ ನೋಡಿ ನನ್ನ ನಾಲಿಗೆ ಮತ್ತೊಮ್ಮೆ ತಡೆಯಲಿಲ್ಲ. "ಅಜ್ಜಿ, ಖರೇ ಹೇಳ್ತೀನಿ, ಈ ಸಿಂಧೂರ ನಾನ ನನ್ನ ಕೈಯಾರೆ ಹಚ್ಚೀನಿ," ಎಂದೆ.

ಅಜ್ಜಿಯ ಮುಖ ಅರಳಿತು. "ನೀವ ಹಚ್ಚಿದ್ರೇನು? ಹಂಗಾರ ನೀವ ಪೂಜಾರಿ. ಬರ್ರಿ, ಕುಂದರ್ರಿ."

ನನ್ನನ್ನು ಕಂಬಳಿಯ ಮೇಲೆ ಕೂರಿಸಿದರು. ಯಾರೋ ಊರಿಗೆ ಓಡಿ ತೆಂಗಿನಕಾಯಿ ತಂದರು. ಹೆಸರೇನು, ಎಲ್ಲಿ ಇರುವುದು, ಯಾವ ಕಚೇರಿ ಎಂದು ಕೇಳಿದರು, ಎಲ್ಲವನ್ನೂ ಹೇಳಿದೆ. ಪೂಜಾರಿ ಏನಾದರೂ ಅನ್ನಬೇಕು ಎಂದರು. ನನಗೆ ಮಂತ್ರ ಬರುವುದಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದ ಒಂದು ವಚನವನ್ನೇ ರಾಗವಾಗಿ ಹೇಳತೊಡಗಿದೆ. ಅದು ಕಲ್ಲುದೇವರು ದೇವರಲ್ಲ ಎಂದು ಹೇಳುವ ವಚನ ಎಂಬುದು ಅರ್ಧಕ್ಕೆ ಬಂದಾಗ ಹೊಳೆಯಿತು. ಉಳಿದದ್ದನ್ನು ಬಾಯೊಳಗೇ ಹೇಳಿಕೊಂಡು ಕಾಯಿ ಒಡೆದೆ.

ಜೀಪಿನಲ್ಲಿ ಬೆಳಗಾವಿಯವರೆಗೆ ಮೇಜರರೊಬ್ಬರೇ ಸಿಳ್ಳೆ ಹಾಕುತ್ತಿದ್ದರು. ಮನೆಗೆ ಬಂದಾಗ ನೀಲಾ ಬಾಗಿಲಲ್ಲೇ ಕೇಳಿದಳು.

"ಚೆಂಡು ಕಾಣಿಸ್ತೇನ್ರಿ?"

"ಕಾಣಿಸ್ತು."

"ಯಾರಿಗೆ?"

"ಎಲ್ಲಾರಿಗೂ," ಎಂದು ಹೇಳಿ ಹಣೆಯ ಭಂಡಾರ ತೊಳೆದುಕೊಳ್ಳಲು ಬಚ್ಚಲಿಗೆ ಹೋದೆ.

ಕೆಲವು ದಿನಗಳ ನಂತರ ಸಾಹೇಬರು ಒಳಗೆ ಕರೆದರು. ಅವರ ಮೂಗಿನ ಮೇಲೆ ದಪ್ಪ ಗಾಜಿನ ಹೊಸ ಚಷ್ಮಾ ಇತ್ತು. ಅದರಿಂದ ನನ್ನನ್ನು ಅವರು ಮೊದಲ ಸಲ ಸರಿಯಾಗಿ ನೋಡುತ್ತಿದ್ದಾರೆ ಎನಿಸಿತು. ಅದು ನನಗೆ ಅನುಕೂಲವಾಗಿರಲಿಕ್ಕಿಲ್ಲ.

"ನಿಮ್ಮನ್ನ ಬೀದರಕ್ಕ ಕಳಸೂದಿಲ್ಲ," ಎಂದರು. "ಖಾನಾಪುರಕ್ಕ ಹಾಕೇನಿ."

ನಾನು ಕೈಮುಗಿದೆ. ಖಾನಾಪುರವೆಂದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಮನೆ ಉಳಿಯಿತು! "ನಿಮ್ಮ ಉಪಕಾರ ಮರಿಯೂದಿಲ್ರಿ ಸರ್."

"ಉಪಕಾರ ಏನಿಲ್ಲ ಇದರಾಗ. ನಿನ್ನೆ ಪಾರಿಶ್ವಾಡದ ಕಡಿಂದ ಹತ್ತು ಮಂದಿ ಕುರಿ ಮರೀ ಹೊತ್ಕೊಂಡು ಕಚೇರಿಗೆ ಬಂದಿದ್ರು, 'ನಮ್ಮ ಪೂಜಾರಿ ಎಲ್ಲೆ' ಅಂತ. ನಾಳೆ ಮ್ಯಾಲಿನ ಸಾಹೇಬ್ರು ತಪಾಸಣೆಗೆ ಬಂದಾಗ ಹಿಂಗಾದ್ರ ನಾ ಏನು ಹೇಳ್ಲಿ? ನೀವ ಅಲ್ಲೆ ಇರ್ರಿ. ಅವರಿಗೂ ಹತ್ತರ ಆಗ್ತದ."

ಹೀಗೆ ನಾನು ಖಾನಾಪುರದವನಾದೆ. ಬೆಳಗಿನ ರೈಲಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದೆ. ಮನೆ ಕಟ್ಟಿಸುವ ಹೊಣೆಯೆಲ್ಲ ನೀಲಾಳ ಮೇಲೆ ಬಿತ್ತು. ನಾನಿಲ್ಲದೆ ಏನಾಗುತ್ತದೋ ಎಂದು ರೈಲಿನಲ್ಲಿ ಕುಳಿತು ಚಿಂತಿಸುತ್ತಿದ್ದೆ. ಆದದ್ದು ಇಷ್ಟು: ನಾನು ದಿನವೂ ನಿಂತು ಸಲಹೆ ಕೊಡುತ್ತಿದ್ದಾಗ ಕಿಟಕಿಯ ಮಟ್ಟ ದಾಟದ ಗೋಡೆಗಳು ಸರಸರನೆ ಮೇಲೆದ್ದವು. ಮಳೆಗೆ ಮೊದಲೇ ಮಾಳಿಗೆ ಹಾಕಿದ್ದೂ ಆಯಿತು. ಗೋಡೆ ಕಟ್ಟುವ ಗೌಂಡಿಗಳು ನನ್ನನ್ನು ಕಂಡಾಗಲೆಲ್ಲ ಖಾನಾಪುರದ ಕೆಲಸ ಹೇಗಿದೆ, ಅದು ಕಾಯಂ ತಾನೆ ಎಂದು ಕಳಕಳಿಯಿಂದ ವಿಚಾರಿಸುತ್ತಿದ್ದರು. ದಸರೆಯ ಸುಮಾರಿಗೆ ಒಂದು ಸಂಜೆ ಬಂದು ನೋಡಿದರೆ ಗೋಡೆಗಳಿಗೆ ತಿಳಿಯಾದ ಹಾಲುಕೆನೆಯ ಬಣ್ಣ, ಕಿಟಕಿಗಳಿಗೆ ಹಸಿರು. ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನೋಡುತ್ತ ನಿಂತರೆ ಕಣ್ಣಿಗೆ ತಂಪಾಗುವಂತಿತ್ತು, ಅದೇ ನನಗೆ ಹೆಚ್ಚು ಬೇಸರ ತಂದಿತು.

ಮನೆ ಹೊಕ್ಕ ದಿನ ಸಾಹೇಬರೂ ಊಟಕ್ಕೆ ಬಂದರು. ಅಂಗಳದಲ್ಲಿ ನಿಂತು, ಚಷ್ಮಾ ಸರಿಮಾಡಿಕೊಂಡು, ಮನೆಯನ್ನು ಮೇಲಿಂದ ಕೆಳಗೆ ನೋಡಿದರು.

"ಪಟ್ಟಣಶೆಟ್ಟಿ, ಬಣ್ಣ ಭಾಳ ಛಲೋ ಆರಿಸೀರಿ," ಎಂದರು.

ನಾನು ವಿನಯದಿಂದ ತಲೆ ತಗ್ಗಿಸಿ, ಈ ಮೆಚ್ಚುಗೆಯನ್ನು ಸ್ವೀಕರಿಸಲು ಬಾಯಿ ತೆರೆಯುವಷ್ಟರಲ್ಲಿ ನೀಲಾ ಕಾಲಿಗೆ ನೀರಿನ ತಂಬಿಗೆ ಹಿಡಿದುಕೊಂಡು ಹೊರಗೆ ಬಂದಳು.

"ಇವರು ಆರಿಸಿಲ್ರಿ ಸಾಹೇಬ್ರ. ಈ ಮನ್ಯಾಗ ನಾವು ಇರಬೇಕಲ್ರೀ. ಹಾದ್ಯಾಗ ಹೋಗೂ ಮಂದಿ ಬಂದು ಕಾಯಿ ಒಡದ್ರ ಏನು ಮಾಡೂದು?"

ಸಾಹೇಬರು ನಗುತ್ತ ಬೂಟು ಬಿಚ್ಚಿ ಒಳಗೆ ಹೋದರು. ನಾನು ಹೊಸ ಮನೆಯ ಬಾಗಿಲಲ್ಲಿ ಕುಳಿತು ಅವರ ಬೂಟುಗಳನ್ನು ಒಂದರ ಪಕ್ಕ ಒಂದು ನೀಟಾಗಿ ಜೋಡಿಸಿಟ್ಟೆ. ಆ ಕೆಲಸಕ್ಕೆ ಬಣ್ಣದ ತಿಳಿವಳಿಕೆ ಬೇಕಾಗುವುದಿಲ್ಲ.